ಹಳೆಯ ಗ್ಲೋಬಿನ ಕಂದಿದ ವಾರ್ನಿಶ್ ತೆಗೆಯಬೇಕೆ?

ಪರ

ಗ್ಲೋಬ್ ಮೊದಲಿಗೆ ಓದಲು ಮಾಡಿದ ನಕ್ಷೆ. ಕಾಗದದ ಮುದ್ದೆ ಮತ್ತು ಪ್ಲಾಸ್ಟರಿನಿಂದ ಮಾಡಿದ ಟೊಳ್ಳು ಗೋಳದ ಮೇಲೆ, ತಾಮ್ರದ ತಗಡಿನಿಂದ ಅಚ್ಚೊತ್ತಿದ, ಎರಡೂ ತುದಿ ಚೂಪಾದ ಕಾಗದದ ಪಟ್ಟಿಗಳನ್ನು ಅಂಚಿಗೆ ಅಂಚು ಕೂಡುವಂತೆ ಅಂಟಿಸಿ, ಕೈಯಿಂದ ಬಣ್ಣ ಹಚ್ಚಿ, ಕೊನೆಗೆ ವಾರ್ನಿಶ್ ಬಳಿಯುತ್ತಿದ್ದರು. ಈ ಪಟ್ಟಿಗಳು ಸಾಮಾನ್ಯವಾಗಿ 12 ಇರುತ್ತಿದ್ದವು. ಕಾಲ ಕಳೆದಂತೆ ವಾರ್ನಿಶ್ ಹಳದಿಗೆ, ಮುಂದೆ ಕಂದು ಬಣ್ಣಕ್ಕೆ ತಿರುಗುತ್ತದೆ; ನೀಲಿ ಸಮುದ್ರ ಹಸಿರಾಗಿ ಕಾಣುತ್ತದೆ, ಸಣ್ಣ ಅಕ್ಷರದ ಊರುಗಳು ಅಳಿಸಿಹೋದಂತೆಯೇ ಆಗುತ್ತವೆ. ಬಿರುಕು ಬಿಟ್ಟ ವಾರ್ನಿಶ್ ಸಂದುಗಳಲ್ಲಿ ಧೂಳು ಹಿಡಿದಿಡುತ್ತದೆ, ಕೆಲವೆಡೆ ಕಾಗದವನ್ನೇ ಎಳೆದು ಮೇಲೆಬ್ಬಿಸುತ್ತದೆ. ಆದ್ದರಿಂದ ಶುಚಿಗೊಳಿಸುವುದು ಬರಿಯ ಅಂದಕ್ಕಾಗಿ ಮಾಡುವ ಕೆಲಸವಲ್ಲ. ನುರಿತ ಸಂರಕ್ಷಕರು ಮೊದಲು ಮೂಲೆಯ ಚಿಕ್ಕ ಜಾಗದಲ್ಲಿ ವಾರ್ನಿಶ್ ಕರಗಿಸುವ ದ್ರಾವಕವನ್ನು ಪರೀಕ್ಷಿಸಿ, ಹತ್ತಿಯ ಕಡ್ಡಿಯನ್ನು ಉಜ್ಜದೆ ಉರುಳಿಸುತ್ತಾ, ಬಣ್ಣ ಏಳುತ್ತಿದೆಯೇ ಎಂದು ಹತ್ತಿಯನ್ನು ಆಗಾಗ ನೋಡಿಕೊಳ್ಳುತ್ತಾರೆ.

ವಿರೋಧ

ಆ ಎಚ್ಚರಿಕೆಯನ್ನು ಗೌರವಿಸುತ್ತಲೇ ನಾನು ಈ ಕಡೆ ನಿಲ್ಲುತ್ತೇನೆ, ಏಕೆಂದರೆ ಒಮ್ಮೆ ತೆಗೆದ ಮೂಲ ವಾರ್ನಿಶನ್ನು ಮರಳಿ ಪಡೆಯಲಾಗದು. ವಾರ್ನಿಶ್ ಕಾಗದದ ಎಳೆಗಳೊಳಗೆ ಇಳಿದಿದ್ದರೆ ಅದನ್ನು ಪೂರ್ತಿ ತೆಗೆಯುವುದು ಸಾಧ್ಯವೇ ಇಲ್ಲ. ಬಲವಂತ ಮಾಡಿದರೆ ಕಲೆ ಉಳಿಯುತ್ತದೆ, ಬಣ್ಣ ಹೋಗುತ್ತದೆ. ತಾಮ್ರದಿಂದ ತಯಾರಿಸಿದ ಹಸಿರು ಬಣ್ಣವಿರುವಲ್ಲಿ ಕಾಗದವೇ ಹುಡಿಯಾಗುವಷ್ಟು ದುರ್ಬಲವಾಗಿರುತ್ತದೆ.

ಓದುವಂತಾಗಲಿ ಎಂಬ ಸದುದ್ದೇಶ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಜರ್ಮನಿಯ ನ್ಯೂರೆಂಬರ್ಗ್ ನಗರದ ಗ್ಲೋಬೇ ಸಾಕ್ಷಿ. 1492ರ ಸುಮಾರಿಗೆ ಆ ಊರಿನ ವರ್ತಕ ಮಾರ್ಟಿನ್ ಬೆಹೈಮ್ ಮಾಡಿಸಿದ ಈ ಗ್ಲೋಬ್, ಇಂದಿಗೆ ಉಳಿದಿರುವ ಭೂಗ್ಲೋಬ್‌ಗಳಲ್ಲಿ ಅತ್ಯಂತ ಹಳೆಯದು. ಅಮೆರಿಕ ಖಂಡಗಳು ಅದರಲ್ಲಿಲ್ಲ. ಮಾಸಿದ ಬರಹವನ್ನು 19ನೇ ಶತಮಾನದಲ್ಲಿ ತಿದ್ದಿ ಬರೆದವರ ಕೈಯಲ್ಲಿ ಎಷ್ಟೋ ಸ್ಥಳನಾಮಗಳು ಕೆಟ್ಟವು, ಹೀಗಾಗಿ ಯಾವುದು ಮೂಲ, ಯಾವುದು ತಿದ್ದುಪಡಿ ಎಂದು ವಿದ್ವಾಂಸರು ಬಿಡಿಸಿ ನೋಡಬೇಕಾಯಿತು. ವಾರ್ನಿಶ್ ತೆಗೆಯುವುದು ಬೇರೆ, ಮೇಲೆ ಬರೆಯುವುದು ಬೇರೆ ಎಂದು ಪರ ವಾದಿಗಳು ಹೇಳಬಹುದು. ಆದರೆ ಮೇಲ್ಮೈ ತೆರೆದ ಮೇಲೆ ಹರಿದ ಜಾಗಗಳು ಎದ್ದು ಕಾಣುತ್ತವೆ, ಅವನ್ನು ತುಂಬುವ ಒತ್ತಡ ಆಗಲೇ ಹುಟ್ಟುತ್ತದೆ. ಅಚ್ಚೊತ್ತಿದ ಗ್ಲೋಬಿನಲ್ಲಿ ಅದರದೇ ಇನ್ನೊಂದು ಪ್ರತಿಯ ಚಿತ್ರವನ್ನು ಅಲ್ಲಿ ಕೂರಿಸಿದರೆ, ತಗಡನ್ನು ತಿದ್ದಿ ಮರುಮುದ್ರಿಸಿದ ಬೇರೆ ಆವೃತ್ತಿಯ ಕರಾವಳಿ ಅದರೊಳಗೆ ಸೇರಿಕೊಳ್ಳಬಹುದು.

ಎದ್ದ ಕಾಗದವನ್ನು ಗೋಧಿ ಗಂಜಿಯ ಅಂಟಿನಿಂದ ಕೂರಿಸಿ, ಖಾಲಿ ಜಾಗಕ್ಕೆ ಅಕ್ಷರವಿಲ್ಲದ, ಹದವಾದ ಬಣ್ಣದ ಜಪಾನಿ ಕಾಗದವನ್ನಷ್ಟೇ ಹಾಕಿ, ಸುಮಾರು 50 ಲಕ್ಸ್‌ನ (ಲಕ್ಸ್ ಎಂದರೆ ಬೆಳಕಿನ ಅಳತೆ) ಮಂದ ಬೆಳಕಿನಲ್ಲಿ ಗ್ಲೋಬನ್ನು ಇರುವಂತೆಯೇ ಪ್ರದರ್ಶಿಸಬಹುದು. ಕಂದಿನ ಕೆಳಗಿರುವ ಹೆಸರುಗಳನ್ನು ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ ಕಿರಣಗಳ) ಛಾಯಾಚಿತ್ರದಲ್ಲಿ ಹಿಡಿದು ಪಕ್ಕದ ಪರದೆಯ ಮೇಲೆ ತೋರಿಸಿದರೆ, ನೋಡುಗರು ನಕ್ಷೆಯನ್ನೂ ಓದಬಹುದು, ಗ್ಲೋಬಿಗೂ ಧಕ್ಕೆಯಿಲ್ಲ.