ಸರ್ಟಿಫಿಕೇಟ್ ಹನ್ನೊಂದು, ಗ್ರಾಹಕರ ಜೊತೆ ಮಾತು ಒಂದೂ ಇಲ್ಲ

ಬೆಳಗ್ಗೆಯಿಂದ ಅರ್ಜಿ ನೋಡುತ್ತಾ ಕೂತಿದ್ದೇನೆ. ನಮ್ಮ ಮಾರ್ಕೆಟಿಂಗ್ ತಂಡಕ್ಕೆ ಹೊಸಬರೊಬ್ಬರು ಬೇಕು, ಅನುಭವ ಕೇಳಿಲ್ಲ. ಒಬ್ಬ ಹುಡುಗನ ಅರ್ಜಿಯಲ್ಲಿ ಹನ್ನೊಂದು ಸರ್ಟಿಫಿಕೇಟ್. ಸರ್ಚ್ ಆಡ್ಸ್, ಅನಾಲಿಟಿಕ್ಸ್, ಇಮೇಲ್, ಕಂಟೆಂಟ್, ಸೋಷಿಯಲ್ ಮೀಡಿಯಾ, ಎಲ್ಲ ಇದೆ. ಖುಷಿಯಾಗಿ ಫೋನ್ ಮಾಡಿದೆ. ನಮ್ಮದು ಸಣ್ಣ ವ್ಯಾಪಾರಿಗಳು ಲೆಕ್ಕ ಬರೆದಿಡುವ ಆ್ಯಪ್ ಅನ್ನೋದು ನಿಮಗೆ ಗೊತ್ತು. 'ಇದು ಯಾರಿಗೆ ಉಪಯೋಗಕ್ಕೆ ಬರಬಹುದು ಅನ್ನಿಸುತ್ತೆ?' ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, '18ರಿಂದ 45 ವಯಸ್ಸಿನವರಿಗೆ' ಅಂದ. ಯಾಕೆ ಅಂದೆ. 'ಟಾರ್ಗೆಟ್ ಹಾಗೇ ಇಡೋದು ಮೇಡಂ, ಕೋರ್ಸ್‌ನಲ್ಲಿ ಹಾಗೇ ಹೇಳಿಕೊಟ್ಟಿದ್ದಾರೆ.'

ಆ ಹುಡುಗನ ಮೇಲೆ ನನಗೆ ಕಿಂಚಿತ್ತೂ ಸಿಟ್ಟಿಲ್ಲ. ರಾತ್ರಿ ನಿದ್ದೆಗೆಟ್ಟು ಓದಿದ್ದಾನೆ, ದುಡ್ಡೂ ಕಟ್ಟಿದ್ದಾನೆ. ಸಿಟ್ಟು ಇರೋದು ಅವನಿಗೆ ಇದನ್ನು ಮಾರ್ಕೆಟಿಂಗ್ ಅಂತ ಹೇಳಿ ಮಾರಿದವರ ಮೇಲೆ. ಯಾವ ಬಟನ್ ಎಲ್ಲಿದೆ ಅಂತ ತೋರಿಸಿದ್ದಾರೆ. ಒಬ್ಬೇ ಒಬ್ಬ ಗ್ರಾಹಕನ ಹತ್ತಿರ ಹೋಗಿ ಮಾತಾಡಿ ಬಾ ಅಂತ ಮಾತ್ರ ಯಾರೂ ಕಳಿಸಿಲ್ಲ.

ಬಟನ್‌ಗಳಂತೂ ನಿಲ್ಲುವ ವಸ್ತುವೇ ಅಲ್ಲ. ವೆಬ್‌ಸೈಟಿಗೆ ಬಂದವರ ಲೆಕ್ಕ ಇಡುವ ತನ್ನ ಹಳೆಯ ಸಾಧನ ಯೂನಿವರ್ಸಲ್ ಅನಾಲಿಟಿಕ್ಸ್ ಅನ್ನು ಗೂಗಲ್ 2023ರ ಜುಲೈನಲ್ಲಿ ನಿಲ್ಲಿಸಿ ಎಲ್ಲರನ್ನೂ ಅದರ ಹೊಸ ರೂಪವಾದ ಜಿಎ4ಗೆ (ಗೂಗಲ್ ಅನಾಲಿಟಿಕ್ಸ್ 4) ಕಳಿಸಿತು. ಹಳೆಯ ರಿಪೋರ್ಟು ಎಲ್ಲೆಲ್ಲಿದೆ ಅಂತ ಬಾಯಿಪಾಠ ಮಾಡಿಕೊಂಡವರು ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು. ಬಂದವರು ಎಲ್ಲಿಂದ ಬಂದರು, ಎಲ್ಲಿ ನಿಂತರು, ಯಾಕೆ ಬಿಟ್ಟು ಹೋದರು ಎಂದು ಕೇಳಿಕೊಳ್ಳುವ ಅಭ್ಯಾಸ ಇದ್ದವರಿಗೆ ಹೊಸ ಪರದೆ ಹೊಂದಿಸಿಕೊಳ್ಳೋದಷ್ಟೇ ಕೆಲಸ. 2021ರಲ್ಲಿ ಆ್ಯಪಲ್ ತನ್ನ ಮೇಲ್ ಆ್ಯಪ್‌ನಲ್ಲಿ ಖಾಸಗಿತನದ ಹೊಸ ವ್ಯವಸ್ಥೆ ತಂದಾಗಲೂ ಇದೇ ಕಥೆ. ಓದುವವರು ತೆರೆಯದಿದ್ದರೂ ಇಮೇಲ್ 'ತೆರೆದಿದೆ' ಅಂತ ಲೆಕ್ಕಕ್ಕೆ ಸೇರತೊಡಗಿತು. ಓಪನ್ ರೇಟ್ (ಇಮೇಲ್ ತೆರೆದವರು ಶೇಕಡಾ ಎಷ್ಟು ಅನ್ನೋ ಲೆಕ್ಕ) ನೋಡೋದನ್ನಷ್ಟೇ ಕಲಿತವರ ಕೈಯಲ್ಲಿ ಉಳಿದಿದ್ದೇನು?

1960ರಲ್ಲೇ ಅಮೆರಿಕದ ಮಾರ್ಕೆಟಿಂಗ್ ಪ್ರಾಧ್ಯಾಪಕ ಜೆರೋಮ್ ಮೆಕಾರ್ತಿ ಮಾರ್ಕೆಟಿಂಗಿನ ನಾಲ್ಕು 'ಪಿ'ಗಳನ್ನು ಮುಂದಿಟ್ಟರು: ಪ್ರಾಡಕ್ಟ್, ಪ್ರೈಸ್, ಪ್ಲೇಸ್, ಪ್ರಮೋಷನ್. ಏನು ಮಾರ್ತೀವಿ, ಎಷ್ಟಕ್ಕೆ, ಎಲ್ಲಿ ಸಿಗುತ್ತೆ, ಜನಕ್ಕೆ ಹೇಗೆ ತಿಳಿಸ್ತೀವಿ. ಈಗಿನ ಎಷ್ಟೋ ಕೋರ್ಸುಗಳು ಈ ನಾಲ್ಕನೆಯದರ ಒಂದು ಮೂಲೆಯನ್ನು ಮಾತ್ರ ಕಲಿಸಿ, ಇಡೀ ಮನೆ ತೋರಿಸಿದೆವು ಅನ್ನುತ್ತವೆ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಅರ್ಜಿ ಇವತ್ತೇ ಬಂತು, ಅದನ್ನು ಓದಿ ಎದ್ದು ಕುಣಿಯೋಣ ಅನ್ನಿಸಿತು. ಮೊದಲು ಟೀಚರ್ ಆಗಿದ್ದವರು. ಸರ್ಟಿಫಿಕೇಟ್ ಒಂದೂ ಇಲ್ಲ, ಒಂದು ಪುಟದ ಬರಹ ಇದೆ. ಗೆಳತಿಯ ಸಂಗೀತ ತರಗತಿಗೆ ಮಕ್ಕಳು ಕಡಿಮೆಯಾಗಿದ್ದರಂತೆ, ಜಾಹೀರಾತು ಮಾಡಿಕೊಡು ಅಂತ ಆಕೆ ಕೇಳಿದ್ದಾಳೆ. ಇವರು ಜಾಹೀರಾತಿಗೆ ಕೈ ಹಾಕುವ ಮುಂಚೆ ಬಿಟ್ಟು ಹೋದ ಮಕ್ಕಳ ಅಪ್ಪ ಅಮ್ಮಂದಿರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದ್ದಾರೆ. ಫೀಸು ಜಾಸ್ತಿ ಅಂದವರು ಯಾರೂ ಇಲ್ಲ. ಶಾಲೆ ಮುಗಿದ ಕೂಡಲೇ ತರಗತಿ, ಮಗು ಸುಸ್ತಾಗಿರುತ್ತೆ, ಕರೆತರೋಕೆ ಮನೆಯಲ್ಲಿ ಆ ಹೊತ್ತಿಗೆ ಯಾರೂ ಇರಲ್ಲ. ಸಮಯ ಬದಲಿಸಿದ್ದಾರೆ, ಬಿಟ್ಟವರಿಗೆ ನಾಲ್ಕು ಸಾಲಿನ ಮೆಸೇಜ್ ಕಳಿಸಿದ್ದಾರೆ. ಎಷ್ಟು ಜನ ಮರಳಿದರು, ಎಷ್ಟು ಜನ ಮರಳಲಿಲ್ಲ, ಎರಡನ್ನೂ ಬರೆದಿದ್ದಾರೆ. ಇದು ಮಾರ್ಕೆಟಿಂಗ್! ತನಗೆ ಈ ಕೆಲಸ ಬರುತ್ತೆ ಅನ್ನೋದೇ ಆ ಹೆಣ್ಣುಮಗಳಿಗೆ ಗೊತ್ತಿಲ್ಲ. 'ನಾನು ಯಾವ ಕೋರ್ಸೂ ಮಾಡಿಲ್ಲ, ಕ್ಷಮಿಸಿ' ಅಂತ ಕೊನೆಗೆ ಬರೆದಿದ್ದಾರೆ. ಆ 'ಕ್ಷಮಿಸಿ' ನೋಡಿಯೇ ಈ ಪೋಸ್ಟ್ ಬರೆಯಲು ಕೂತಿದ್ದು.

ಸರ್ಟಿಫಿಕೇಟ್ ಇಲ್ಲದಿದ್ದರೆ ಅರ್ಜಿಯನ್ನು ತೆರೆದೂ ನೋಡಲ್ಲ ಮೇಡಂ ಅಂತ ನೀವು ಹೇಳ್ತೀರಿ, ಗೊತ್ತು. ಕೆಲವು ಕಡೆ ನಿಜ. ಹಾಗಿದ್ದರೆ ಒಂದೆರಡು ಮಾಡಿಕೊಳ್ಳಿ. ಗೂಗಲ್‌ನ ಸ್ಕಿಲ್‌ಶಾಪ್‌ನಲ್ಲಿ, ಹಬ್‌ಸ್ಪಾಟ್ ಅಕಾಡೆಮಿಯಲ್ಲಿ (ಎರಡೂ ಆನ್‌ಲೈನ್ ಕಲಿಕೆಯ ತಾಣಗಳು) ಉಚಿತವಾಗಿಯೇ ಸಿಗುತ್ತವೆ, ಸಾಲ ಮಾಡಿ ಯಾರಿಗೂ ಫೀಸು ಕಟ್ಟಬೇಕಿಲ್ಲ. ಗೂಗಲ್ ಆಡ್ಸ್ ಸರ್ಟಿಫಿಕೇಟ್ ಒಂದು ವರ್ಷಕ್ಕೆ ಮುಗಿದೂ ಹೋಗುತ್ತೆ. ಆದರೆ ಎರಡು ಸಾಲದು ಅಂತ ಹನ್ನೊಂದು ಮಾಡಿದರೆ ಆ ಒಂಬತ್ತರ ಸಮಯವನ್ನು ಎಲ್ಲಿಂದ ತಂದಿರಿ? ಬರೆಯುವುದರಿಂದ, ಮಾತಾಡುವುದರಿಂದ, ಲೆಕ್ಕ ಹಾಕುವುದರಿಂದ ಕದ್ದು ತಾನೆ?

ಬರೆಯುವುದನ್ನೇ ತೆಗೆದುಕೊಳ್ಳಿ. ಗೂಗಲ್ ಸರ್ಚ್ ಜಾಹೀರಾತಿನ ಒಂದು ಹೆಡ್‌ಲೈನ್‌ಗೆ ಸಿಗುವ ಜಾಗ 30 ಅಕ್ಷರ. 'ಅತ್ಯುತ್ತಮ, ಸಮಗ್ರ, ವಿಶ್ವಾಸಾರ್ಹ' ಅನ್ನುವಷ್ಟರಲ್ಲೇ ಜಾಗ ಮುಗಿಯಿತು, ಓದಿದವನಿಗೆ ಏನೂ ಸಿಗಲಿಲ್ಲ. ನಮ್ಮ ಗ್ರಾಹಕರೊಬ್ಬರು ಫೋನಿನಲ್ಲಿ ಹೇಳಿದ್ದರು, 'ಬಾಗಿಲು ಹಾಕಿದ ಮೇಲೆ ಲೆಕ್ಕ ಬರೆಯೋಕೆ ಕೂತರೆ ಕಣ್ಣು ಎಳೆಯುತ್ತೆ' ಅಂತ. ಅಲ್ಲಿಂದ ಹುಟ್ಟಿದ್ದು 'ಅಂಗಡಿ ಮುಚ್ಚುವಾಗ ಲೆಕ್ಕ ರೆಡಿ'. ಸ್ವರಚಿಹ್ನೆ, ಒತ್ತು ಎಲ್ಲ ಬಿಡಿಬಿಡಿಯಾಗಿ ಎಣಿಸಿದರೂ ಮೂವತ್ತರೊಳಗೇ ಇದೆ. ಎಐ ಇವತ್ತು ಚಿಟಿಕೆ ಹೊಡೆಯುವಷ್ಟರಲ್ಲಿ ಹದಿನೈದು ಹೆಡ್‌ಲೈನ್ ಕೊಡುತ್ತೆ, ಒಪ್ಪಿದೆ. ಆ ಹದಿನೈದರಲ್ಲಿ ಯಾವುದು ಆ ಮನುಷ್ಯನ ಕಣ್ಣೆಳೆತಕ್ಕೆ ತಾಗುತ್ತೆ ಅಂತ ಆರಿಸಬೇಕಾದರೆ ಆ ಫೋನ್ ಕರೆಯನ್ನು ನೀವು ಕೇಳಿಸಿಕೊಂಡಿರಬೇಕು.

ಲೆಕ್ಕವೂ ಅಷ್ಟೇ, ಹೈಸ್ಕೂಲಿನ ಶೇಕಡಾವಾರು ಸಾಕು. 1000 ಜನ ಜಾಹೀರಾತು ನೋಡಿದರು, 20 ಜನ ಕ್ಲಿಕ್ ಮಾಡಿದರು, ಒಬ್ಬರು ಕೊಂಡರು. ನೋಡಿದವರಲ್ಲಿ ಶೇ. 2 ಕ್ಲಿಕ್, ಕ್ಲಿಕ್ ಮಾಡಿದವರಲ್ಲಿ ಶೇ. 5 ಖರೀದಿ. ಕೊಂಡವರು ಇನ್ನೂ ಹೆಚ್ಚಬೇಕಾದರೆ ಜಾಹೀರಾತು ತಿದ್ದಬೇಕೋ, ಅದು ತೆರೆಯುವ ಪುಟ ತಿದ್ದಬೇಕೋ? ಇದರ ಮೇಲೆ ಹತ್ತು ನಿಮಿಷ ವಾದ ಮಾಡುವವರು ಸಿಕ್ಕರೆ ನಾನು ಕೂಡಲೇ ಕೆಲಸಕ್ಕೆ ತಗೋತೀನಿ. ಹಾಗೆಯೇ ಎರಡು ಜಾಹೀರಾತಿಗೆ ತಲಾ 100 ಕ್ಲಿಕ್ ಬಂದು, ಒಂದರಲ್ಲಿ ಮೂವರು, ಇನ್ನೊಂದರಲ್ಲಿ ಐವರು ಕೊಂಡರೆ ಎರಡನೆಯದೇ ಗೆದ್ದಿತು ಅಂತ ಕುಣಿಯಬೇಡಿ. ಅಷ್ಟು ವ್ಯತ್ಯಾಸ ಬರೀ ಆಕಸ್ಮಿಕವಾಗಿಯೂ ಬರುತ್ತೆ. ಇನ್ನಷ್ಟು ಕಾಯಬೇಕು.

ನಾನು ರಸಾಯನಶಾಸ್ತ್ರ ಓದಿ ಲ್ಯಾಬ್ ಬಿಟ್ಟು ಬಂದವಳು, ನಿಮಗೆ ಗೊತ್ತೇ ಇದೆ. ಹೇಳದೇ ಇದ್ದ ಒಂದು ವಿಷಯ: ಮೊದಲ ಕೆಲಸದಲ್ಲಿ ನನ್ನನ್ನು ಕೆಲವು ತಿಂಗಳು ಗ್ರಾಹಕರ ದೂರುಗಳಿಗೆ ಉತ್ತರ ಬರೆಯಲು ಕೂರಿಸಿದ್ದರು. ಬಾತ್‌ರೂಮಿಗೆ ಹೋಗಿ ಅತ್ತಿದ್ದೇನೆ, ಅಷ್ಟು ಅವಮಾನ ಅನ್ನಿಸಿತ್ತು. ಇವತ್ತಿಗೂ ನನ್ನ ಅನ್ನ ಆ ದೂರುಗಳಿಂದ ಕಲಿತದ್ದರ ಮೇಲೇ ನಡೀತಿದೆ. ಜನ ಸಿಟ್ಟಾದಾಗ ಬಳಸುವ ಮಾತು ಯಾವ ಸ್ಲೈಡಿನಲ್ಲೂ ಇರಲ್ಲ. ಅದಕ್ಕೇ ಬಟನ್ ಕಲಿಸಿ ದುಡ್ಡು ಕಿತ್ತುಕೊಳ್ಳುವವರನ್ನು ಕಂಡರೆ ಮೈ ಉರಿಯೋದು.

ಕೆಲಸ ಇಲ್ಲದೆ ಅಭ್ಯಾಸ ಹೇಗೆ ಅನ್ನುವವರಿಗೆ: ಮೆಟಾ ಆಡ್ ಲೈಬ್ರರಿಯಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಈಗ ಓಡುತ್ತಿರುವ ಜಾಹೀರಾತುಗಳನ್ನು ಯಾರು ಬೇಕಾದರೂ ನೋಡಬಹುದು. ಯಾವುದಾದರೂ ಒಂದು ಆ್ಯಪ್ ಹಿಡಿಯಿರಿ. ಅದರ ಜಾಹೀರಾತು ಏನು ಹೇಳುತ್ತೆ ನೋಡಿ, ಆಮೇಲೆ ಅದೇ ಆ್ಯಪ್‌ಗೆ ಮೂರು ಸ್ಟಾರ್ ಕೊಟ್ಟವರ ವಿಮರ್ಶೆ ಓದಿ. ಐದು ಸ್ಟಾರ್‌ನವರು ಹೊಗಳಿ ಹೋಗ್ತಾರೆ, ಒಂದು ಸ್ಟಾರ್‌ನವರು ಬೈದು ಹೋಗ್ತಾರೆ, ಮೂರು ಸ್ಟಾರ್‌ನವರು ಕಾರಣ ಬರೀತಾರೆ. ಕಂಪನಿ ಹೇಳುತ್ತಿರುವುದಕ್ಕೂ ಜನ ಹೇಳುತ್ತಿರುವುದಕ್ಕೂ ಎಲ್ಲಿ ತಾಳೆ ಆಗಲ್ಲ ಅಂತ ಒಂದು ಪುಟ ಬರೆಯಿರಿ. ಸಾಧ್ಯವಾದರೆ ಅದನ್ನು ಬಳಸಿ ಬಿಟ್ಟ ಇಬ್ಬರು ಮೂವರ ಹತ್ತಿರ ಮಾತಾಡಿ, ಅವರ ಮಾತನ್ನು ಅವರು ಆಡಿದ ಹಾಗೇ ಸೇರಿಸಿ.

ಬರೆದದ್ದನ್ನು ನನ್ನ ಇನ್‌ಬಾಕ್ಸ್‌ಗೆ ಕಳಿಸಿ. ಕನ್ನಡದಲ್ಲೇ ಇರಲಿ, ತಪ್ಪಿದ್ದರೂ ಇರಲಿ. ನಮ್ಮಲ್ಲಿ ಖಾಲಿ ಇರುವುದು ಒಂದೇ ಜಾಗ, ಎಲ್ಲರಿಗೂ ಕೆಲಸ ಕೊಡುತ್ತೇನೆ ಅಂತ ಹೇಳಲಾರೆ. ಆದರೆ ಬಂದ ಪ್ರತಿಯೊಂದನ್ನೂ ಓದಿ ಉತ್ತರ ಬರೀತೀನಿ, ಚೆನ್ನಾಗಿದ್ದರೆ ಹೊಸಬರನ್ನು ಹುಡುಕುತ್ತಿರುವ ನನ್ನ ಪರಿಚಯದವರಿಗೆ ನಾನೇ ಕಳಿಸ್ತೀನಿ.