ಟ್ರಿನಿಡಾಡಿನಲ್ಲಿ ನಾನು ಕಡೆದ ಕ್ಯಾಲಾಲೂ

"ಪೆಪ್ಪರ್?" ಎಂದು ಕೇಳಿದ ಗಾಡಿಯವನು.

ಬೆಳಿಗ್ಗೆ ಇನ್ನೂ ಏಳು ಗಂಟೆ ಆಗಿರಲಿಲ್ಲ. ಆಫೀಸಿಗೆ ಹೊರಟವರು, ಯೂನಿಫಾರ್ಮಿನ ಮಕ್ಕಳು, ರಾತ್ರಿ ಪಾಳಿ ಮುಗಿಸಿದವರು ಎಲ್ಲ ರಸ್ತೆ ಬದಿಯ ಆ ಗಾಡಿಯ ಸುತ್ತ ನಿಂತುಕೊಂಡೇ ತಿನ್ನುತ್ತಿದ್ದರು. ತಿಂಡಿಯ ಹೆಸರು ಡಬಲ್ಸ್. ಅರಿಶಿನ ಹಾಕಿ ಕರಿದ, 'ಬರಾ' ಎಂಬ ಎರಡು ಮೆತ್ತನೆಯ ಪೂರಿ, ಮೇಲೆ ಕಾಬೂಲಿ ಕಡಲೆಯ ಗೊಜ್ಜು, ಹುಣಸೆ ಚಟ್ನಿ, ತುರಿದ ಸೌತೆಕಾಯಿ. ಕಾಗದದಲ್ಲಿಟ್ಟು ಮುದುರಿ ಕೊಡುತ್ತಾರೆ, ತಿನ್ನುವಾಗ ಅರ್ಧ ಮೊಣಕೈವರೆಗೆ ಇಳಿಯುತ್ತದೆ. ಪೆಪ್ಪರ್ ಅಂದರೆ ಇಲ್ಲಿ ಕಾಳುಮೆಣಸಲ್ಲ, ಮೆಣಸಿನಕಾಯಿಯ ಸಾಸ್. ಚೂರೇ ಚೂರು ಸಾಕು ಅನ್ನುವವರು 'ಸ್ಲೈಟ್' ಅನ್ನಬೇಕು ಅಂತ ಅಳಿಯ ಕಾರಿನಲ್ಲೇ ಹೇಳಿಕೊಟ್ಟಿದ್ದ.

ನಾನು ತೀರ್ಥಹಳ್ಳಿ ಕಡೆಯವಳು. ಹಿತ್ತಲಲ್ಲಿ ಸೂಜಿಮೆಣಸಿನ ಗಿಡ ಇಟ್ಟುಕೊಂಡು ಬೆಳೆದವಳು. ಸ್ಲೈಟ್ ಅನ್ನುವುದುಂಟೆ?

"ಪ್ಲೆಂಟಿ" ಎಂದೆ.

ಅವನು ನನ್ನ ಸೀರೆ, ಕುಂಕುಮ, ಕಾಲಿನ ಸ್ಪೋರ್ಟ್ಸ್ ಶೂ ಎಲ್ಲ ಒಮ್ಮೆ ನೋಡಿ ಚಮಚ ಎತ್ತಿದ. ನಾನು ತಿಂದೆ. ಕಣ್ಣಲ್ಲಿ ಒಂದು ಹನಿ ನೀರೂ ಬರಲಿಲ್ಲ. ಇವರ ಕಡೆ ತಿರುಗಿ, "ಇಷ್ಟೇನಾ ರೀ ಇವರ ಖಾರ? ಸುಮ್ನೆ ಹೆಸರು ಮಾಡ್ಕೊಂಡಿದ್ದಾರೆ" ಎಂದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ. ನಮ್ಮನೆಯವರಂತೂ ಇಟ್ಟುಕೊಂಡಿದ್ದಾರೆ.

ಮಗಳು ಅಳಿಯ ನ್ಯೂಯಾರ್ಕಿನಲ್ಲಿ ಇರುವುದು. ಅಲ್ಲಿಂದ ವೆಸ್ಟ್ ಇಂಡೀಸಿನ ಟ್ರಿನಿಡಾಡಿಗೆ ವಿಮಾನದಲ್ಲಿ ಐದು ಗಂಟೆ. ಸಮುದ್ರ ನೋಡಿಕೊಂಡು ನಾಲ್ಕು ದಿನ ಕಾಲು ಚಾಚಿ ಕೂರೋಣ ಅಂತ ಕರೆದುಕೊಂಡು ಬಂದ ಮಗಳು, ಎರಡನೇ ದಿನವೇ ನನ್ನನ್ನು ಅಡುಗೆ ಕ್ಲಾಸಿಗೆ ಸೇರಿಸಿದ್ದಳು. ನೋಡುವ ಕ್ಲಾಸಲ್ಲ, ಕೈಯಾರೆ ಮಾಡಬೇಕಾದ್ದು. ಮೂವತ್ತು ವರ್ಷ ದಿನಕ್ಕೆ ಮೂರು ಹೊತ್ತು ಅಡುಗೆ ಮಾಡಿದವಳಿಗೆ ರಜೆಯಲ್ಲಿ ದುಡ್ಡು ಕೊಟ್ಟು ಅಡುಗೆ ಮಾಡಿಸುವುದೆಂದರೆ! "ಅಮ್ಮ, ಅವರೂ ನಮ್ಮ ಥರಾನೇ, ಇಂಡಿಯನ್ಸ್. ನಿಂಗೆ ಎಲ್ಲ ಗೊತ್ತಿರತ್ತೆ" ಎಂದಳು. ಎಡವಟ್ಟಾಗಿದ್ದೇ ಅಲ್ಲಿ.

ಕ್ಲಾಸ್ ಇದ್ದದ್ದು ಚಾಗ್ವಾನಸ್ ಊರಿನ ಹತ್ತಿರ ಒಂದು ಮನೆಯಲ್ಲಿ. ದಾರಿಯಲ್ಲಿ ಕ್ಯಾರಪಿಚೈಮಾ ಅನ್ನುವಲ್ಲಿ 85 ಅಡಿ ಎತ್ತರದ ಹನುಮಂತ ನಿಂತಿದ್ದಾನೆ. ನಮ್ಮ ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ದತ್ತಪೀಠಕ್ಕೆ ಸೇರಿದ ದೇವಸ್ಥಾನ ಅದು. ಅಷ್ಟು ದೂರ ಬಂದು ಮೈಸೂರಿನ ಹೆಸರು ಕೇಳಿದ್ದೇ ತಡ, ನನಗೆ ಊರೇ ನನ್ನದು ಅನ್ನಿಸಿಬಿಟ್ಟಿತು. ಹನುಮಂತನಿಗೆ ಕೈ ಮುಗಿದು, ಕ್ಲಾಸಿನಲ್ಲಿ ಏನೇನು ತಿದ್ದಬೇಕು ಅಂತ ಯೋಚಿಸುತ್ತಾ ಕಾರು ಹತ್ತಿದೆ.

ಕಲಿಸುವವರು ಎಪ್ಪತ್ತರ ಆಸುಪಾಸಿನ ಒಬ್ಬ ಆಂಟಿ. ಬಾಗಿಲಲ್ಲೇ ನನ್ನ ಎರಡೂ ಕೈ ಹಿಡಿದುಕೊಂಡು, "ಇಂಡಿಯಾದಿಂದ! ಡಾರ್ಲಿಂಗ್, ಇವತ್ತು ನೀವೇ ನಮಗೆ ಕಲಿಸಬೇಕು" ಎಂದರು. ಡಾರ್ಲಿಂಗ್ ಅಂತ ನನ್ನನ್ನು ಯಾರಾದರೂ ಕರೆದದ್ದು ಅದೇ ಮೊದಲು. ಇವರ ಮುಖ ನೋಡಿದೆ. ಇವರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

ಜೊತೆಗೆ ಕಲಿಯಲು ಬಂದಿದ್ದವರು ಕೆನಡಾದ ಗಂಡ ಹೆಂಡತಿ, ಜರ್ಮನಿಯ ಒಬ್ಬ ಹುಡುಗ. ಮೂವರೂ ನನ್ನ ಪಕ್ಕ ನಿಲ್ಲಲು ಪೈಪೋಟಿ ನಡೆಸಿದರು. ಪರೀಕ್ಷೆಯಲ್ಲಿ ಜಾಣೆಯ ಹಿಂದಿನ ಬೆಂಚಿಗೆ ಆಗುವ ನೂಕುನುಗ್ಗಲಿನ ಹಾಗೆ.

ಮೊದಲ ಪಾಠ ರೊಟ್ಟಿ. ಹೆಸರು 'ಬಸ್ ಅಪ್ ಶಟ್'. ಅಂದರೆ ಬಸ್ಟ್ ಅಪ್ ಶರ್ಟ್, ಹರಿದು ಚಿಂದಿಯಾದ ಅಂಗಿ. ಆಂಟಿ ಮೈದಾ ಕಲಸಿ, ಉಂಡೆ ಮಾಡಿ, ಲಟ್ಟಿಸಿ, ತುಪ್ಪ ಸವರಿ, ಅಂಚಿನಿಂದ ನಡುವಿನವರೆಗೆ ಕತ್ತರಿಸಿ, ಐಸ್‌ಕ್ರೀಮ್ ಕೋನಿನಂತೆ ಸುತ್ತಿ, ತುದಿಯನ್ನು ಒಳಗೆ ತುರುಕಿದರು. ಆ ಉಂಡೆಗೆ 'ಲೋಯಾ' ಎನ್ನುತ್ತಾರೆ. ಅರ್ಧ ಗಂಟೆ ಬಿಟ್ಟು ಅದನ್ನು ಮತ್ತೆ ಲಟ್ಟಿಸಿ ದೊಡ್ಡ ತವಾದ ಮೇಲೆ ಬೇಯಿಸುವುದು. ಎರಡು ನಿಮಿಷದ ಕೆಲಸ ಅನ್ನುವಂತೆ ಮಾಡಿ ತೋರಿಸಿ, "ಈಗ ನೀವು" ಎಂದು ಲಟ್ಟಣಿಗೆಯನ್ನು ನನಗೇ ಕೊಟ್ಟರು.

ಇಲ್ಲೊಂದು ವಿಷಯ ಒಪ್ಪಿಕೊಳ್ಳಬೇಕು. ನಮ್ಮ ಮನೆಯಲ್ಲಿ ರೊಟ್ಟಿ ಅಂದರೆ ಅಕ್ಕಿರೊಟ್ಟಿ. ಅದನ್ನು ತಟ್ಟುತ್ತೇವೆ. ಚಪಾತಿ ಮಾಡುವುದು ಡಾಕ್ಟರು ಅನ್ನ ಬಿಡಿ ಅಂದಾಗ ಮಾತ್ರ, ಅದೂ ಡಾಕ್ಟರು ಹೇಳಿದ್ದು ನೆನಪಿರುವಷ್ಟು ದಿನ. ಟ್ರಿನಿಡಾಡಿಗೆ ಭಾರತದ ಕೂಲಿಯವರನ್ನು ಹೊತ್ತ ಮೊದಲ ಹಡಗು ಬಂದದ್ದು 1845ರ ಮೇ 30ಕ್ಕೆ, ಕಲ್ಕತ್ತಾದಿಂದ. ಆಮೇಲೆ 1917ರವರೆಗೆ 1.4 ಲಕ್ಷಕ್ಕೂ ಹೆಚ್ಚು ಜನರನ್ನು ಕಬ್ಬಿನ ತೋಟಗಳ ಕೂಲಿಗೆ ಕರೆತಂದರು. ಹೆಚ್ಚಿನವರು ಭೋಜಪುರಿ ಸೀಮೆಯವರು, ಈಗಿನ ಉತ್ತರ ಪ್ರದೇಶ, ಬಿಹಾರದ ಕಡೆಯವರು. ಅವರ ಮರಿಮಕ್ಕಳ ಮರಿಮಕ್ಕಳಿಗೆ ಲಟ್ಟಣಿಗೆ ಹಿಡಿಯಲು ತೀರ್ಥಹಳ್ಳಿಯವಳು ಕಲಿಸಬೇಕಂತೆ!

ನನ್ನ ರೊಟ್ಟಿ ಮೊದಲು ಶ್ರೀಲಂಕಾದ ಹಾಗಾಯಿತು. ಸರಿಮಾಡಲು ಹೋದೆ, ಇಟಲಿ ಆಯಿತು. ಜರ್ಮನಿ ಹುಡುಗ ನನ್ನದನ್ನೇ ನೋಡಿಕೊಂಡು ಅಷ್ಟೇ ನಿಷ್ಠೆಯಿಂದ ಇನ್ನೊಂದು ಇಟಲಿ ಮಾಡಿದ. ಆಂಟಿ ಬಂದು ನೋಡಿ, "ನಿಮ್ಮ ಕಡೆ ಹೀಗೆ ಮಾಡ್ತಾರಾ?" ಎಂದು ಬಹಳ ಮರ್ಯಾದೆಯಿಂದ ಕೇಳಿದರು. "ಹೌದು" ಎಂದುಬಿಟ್ಟೆ. ಇಡೀ ಕರ್ನಾಟಕದ ಮಾನ ತೆಗೆದೆ, ಕ್ಷಮಿಸಿ.

ಬೆಂದ ರೊಟ್ಟಿಯನ್ನು ಎರಡು ಮರದ ಸಟ್ಟುಗದಿಂದ ತವಾದ ಮೇಲೇ ಬಡಿಯಬೇಕು. ಆ ಸಟ್ಟುಗಕ್ಕೆ 'ದಾಬ್ಲಾ' ಎನ್ನುತ್ತಾರೆ. ಬಡಿದಂತೆಲ್ಲ ಪದರ ಬಿಟ್ಟುಕೊಂಡು ರೇಷ್ಮೆ ಚಿಂದಿಯಂತೆ ಆಗುತ್ತದೆ. ಮೂವತ್ತು ವರ್ಷದಲ್ಲಿ ಒಲೆ ಹಚ್ಚದ ನಮ್ಮನೆಯವರು, ನೋಡಲು ಬಂದಿದ್ದವರು, "ಇದು ನಮ್ಮ ಶಿವಮೊಗ್ಗದ ಪರೋಟ ಅಂಗಡಿಯವನು ಮಾಡೋ ಹಾಗೇ ಇದೆ, ಕೊಡಿ ಇಲ್ಲಿ" ಎಂದು ದಾಬ್ಲಾ ಇಸಕೊಂಡರು. ಹೊಡೆದರು ನೋಡಿ! ಯಾರ ಮೇಲಿನ ಸಿಟ್ಟೋ ಏನೋ. ರೊಟ್ಟಿ ಹೂವಿನ ಹಾಗೆ ಬಿಚ್ಚಿಕೊಂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಂಟಿ ಅವರನ್ನೂ ಡಾರ್ಲಿಂಗ್ ಎಂದರು. ಹರಿದ ಬನಿಯನ್ ಬಿಸಾಡಲು ಒಪ್ಪದ ಮನುಷ್ಯನಿಗೆ ಹರಿದ ಅಂಗಿ ಮಾಡಲು ಬಾರದಿರುತ್ತದೆಯೇ ಎಂದು ಸಮಾಧಾನ ಮಾಡಿಕೊಂಡೆ.

ಮಾತಿನಲ್ಲೂ ನನಗೆ ಸೋಲೇ. ಆಂಟಿ ಆಡುವುದು ಇಂಗ್ಲಿಷು, ಆದರೆ ಅಡುಗೆಮನೆಗೆ ಬಂದ ಕೂಡಲೇ ಅದರೊಳಗಿಂದ ಹಳೇ ಭೋಜಪುರಿ ಇಣುಕುತ್ತದೆ. ಜೀರಿಗೆ 'ಗೀರಾ', ಬದನೆ 'ಬೈಗನ್', ಅಪ್ಪನ ತಾಯಿ 'ಆಜಿ'. ಅಜ್ಜಿ ಎಂದೇ ಕೇಳಿಸಿ ಒಂದು ಕ್ಷಣ ಅವರು ಕನ್ನಡ ಮಾತಾಡಿದರೇನೋ ಅನ್ನಿಸಿತು. ಬೇಳೆಯನ್ನು 'ಚಂಕೇ' ಮಾಡಿ ಎಂದಾಗ ನಾನು ಪಿಳಿಪಿಳಿ ನೋಡಿದೆ. ಬೆಳ್ಳುಳ್ಳಿ, ಗೀರಾ ಕಾದ ಎಣ್ಣೆಗೆ ಬಿದ್ದು ಚುಂಯ್ ಅಂದಾಗ, "ಓ, ಒಗ್ಗರಣೆ!" ಎಂದು ಕೂಗಿದೆ. ಜರ್ಮನಿ ಹುಡುಗ ತಕ್ಷಣ ಪುಸ್ತಕದಲ್ಲಿ ಬರೆದುಕೊಂಡ. ಅವತ್ತು ನಾನು ಕಲಿಸಿದ್ದು ಅದೊಂದೇ.

ಇಷ್ಟರ ಮೇಲೆ ಇನ್ನೊಂದು ಅವಮಾನ. ಬೇಳೆಗೆ ಉಪ್ಪು ಸಾಕೋ ಎಂದು ಸೌಟನ್ನೇ ತುಟಿಗೆ ತಾಗಿಸಿದ್ದೆ. "ಜೂಠಾ! ಜೂಠಾ!" ಎಂದು ಆಂಟಿ ಕೂಗಿಕೊಂಡರು. ಅಂದರೆ ಎಂಜಲು. ಸೌಟು ಕಿತ್ತುಕೊಂಡು ಸಿಂಕಿಗೆ ಹಾಕಿ, ಅಂಗೈಗೆ ತೊಟ್ಟಿಕ್ಕಿಸಿ ರುಚಿ ನೋಡುವುದು ಹೇಗೆಂದು ತೋರಿಸಿದರು. ಇದನ್ನೇ ನಾನು ಸೊಸೆಗೆ ಎಂಟು ವರ್ಷದಿಂದ ಹೇಳುತ್ತಾ ಬಂದಿದ್ದೇನೆ. ಮಗಳು ಮೂಲೆಯಲ್ಲಿ ನಿಂತು ವಿಡಿಯೋ ಮಾಡುತ್ತಿದ್ದಳು. ಅದು ಬೆಂಗಳೂರಿಗೆ ತಲುಪಲು ಎಷ್ಟು ಹೊತ್ತು ಬೇಕು, ಹೇಳಿ?

ಕೊನೆಗೆ ಕ್ಯಾಲಾಲೂ ಎಂಬ ಸೊಪ್ಪಿನ ಅಡುಗೆ. ಆಂಟಿ ಹಿತ್ತಲಿಂದ ತಂದು ಮೇಜಿನ ಮೇಲೆ ಹರಡಿದ ಎಲೆ ನೋಡಿ ನನಗೆ ಜೀವ ಬಂತು.

ಕೆಸುವಿನ ಎಲೆ! ಆಷಾಢದ ಮಳೆಯಲ್ಲಿ ಪತ್ರೊಡೆ ಮಾಡಲು ನಾವು ಹುಡುಕಿಕೊಂಡು ಹೋಗುವ ಅದೇ ಜಾತಿ. ಇವರು 'ಡಶೀನ್' ಎನ್ನುತ್ತಾರೆ. ಇದೇ ಎಲೆಗೆ ಬಟಾಣಿ ಬೇಳೆಯ ಹಿಟ್ಟು ಹಚ್ಚಿ, ಸುತ್ತಿ, ಹೆಚ್ಚಿ ಕರಿದು 'ಸಹೀನಾ' ಅಂತಲೂ ಮಾಡುತ್ತಾರಂತೆ. ಇದು ಪತ್ರೊಡೆ ಅಲ್ಲದೆ ಇನ್ನೇನು? ಬೆಳಗಿನಿಂದ ಬಾಡಿದ್ದವಳು ಎದ್ದು ನಿಂತೆ. ಇದು ಸರಿಯಾಗಿ ಬೇಯದಿದ್ದರೆ ಗಂಟಲು ಕೆರೆಯುತ್ತದೆ, ಹುಣಸೆಹುಳಿ ಬೀಳಲೇಬೇಕು ಎಂದು ಭಾಷಣ ಮಾಡಿದೆ. ಕೆನಡಾದವರು ಹೆದರಿ ಕೈ ತೊಳೆದುಕೊಂಡರು. ಆಂಟಿ ನಕ್ಕು, ತೆಂಗಿನ ಹಾಲಿನಲ್ಲಿ ಮುಕ್ಕಾಲು ಗಂಟೆ ಬೇಯುತ್ತದೆ, ಯಾರ ಗಂಟಲೂ ಕೆರೆಯುವುದಿಲ್ಲ ಎಂದರು. ಎಲೆಯ ಜೊತೆ ಬೆಂಡೆಕಾಯಿ, ಸಿಹಿಗುಂಬಳ, ಈರುಳ್ಳಿ, ಗರಗಸದಂಥ ಅಂಚಿರುವ 'ಶಾಡೋ ಬೆನಿ' ಎಂಬ ಸೊಪ್ಪು. ಅದರ ವಾಸನೆ ಕೊತ್ತಂಬರಿಯ ಅಪ್ಪನಂತಿದೆ. ಸಾಮಾನ್ಯವಾಗಿ ಇದಕ್ಕೆ ಏಡಿ ಹಾಕುತ್ತಾರೆ. ನಾವು ಸಸ್ಯಾಹಾರಿಗಳೆಂದು ಅವತ್ತು ಏಡಿಗೆ ರಜೆ.

ಎಲ್ಲದರ ಮೇಲೆ ಒಂದೇ ಒಂದು ಮೆಣಸಿನಕಾಯಿ. ಕೆಂಪು, ದುಂಡಗೆ, ಸುಕ್ಕುಸುಕ್ಕಾಗಿ ಪುಟ್ಟ ಟೋಪಿಯ ಹಾಗಿತ್ತು. ಸ್ಕಾಚ್ ಬಾನೆಟ್. ಆಂಟಿ ಅದನ್ನು ತೊಟ್ಟು ಸಮೇತ, ಇಡಿಯಾಗಿ, ಮಗುವನ್ನು ತೊಟ್ಟಿಲಲ್ಲಿ ಮಲಗಿಸುವಂತೆ ಪಾತ್ರೆಯಲ್ಲಿ ಇಟ್ಟರು. ಒಡೆಯಬಾರದು, ಘಮ ಮಾತ್ರ ಇಳಿಯಬೇಕು, ಆಮೇಲೆ ಜೋಪಾನವಾಗಿ ತೆಗೆಯಬೇಕು ಎಂದರು. ಒಂದು ಮೆಣಸಿನಕಾಯಿಗೆ ಇಷ್ಟು ಉಪಚಾರವೇ ಎಂದು ನನಗೆ ನಗು. "ನಮ್ಮ ಸೂಜಿಮೆಣಸು ನೋಡಿಲ್ಲ ಪಾಪ" ಎಂದು ಮಗಳಿಗೆ ಹೇಳಿದೆ, ಕನ್ನಡದಲ್ಲಿ.

ಎಲ್ಲ ಬೆಂದು ಹಸಿರು ಪಾಯಸದ ಹಾಗಾಯಿತು. ಅಷ್ಟರಲ್ಲಿ ಹೊರಗೆ ಯಾರೋ ಕರೆದರು ಎಂದು ಆಂಟಿ ಎದ್ದು ಹೋದರು. ಹೋಗುವ ಮೊದಲು ಡ್ರಾಯರಿನಿಂದ ಒಂದು ಮರದ ಸಾಮಾನು ತೆಗೆದು ಮೇಜಿನ ಮೇಲಿಟ್ಟರು. ಎರಡು ಅಂಗೈ ನಡುವೆ ಹಿಡಿದು ತಿರುಗಿಸುವ ಕೋಲು, ತುದಿಯಲ್ಲಿ ಹಲ್ಲು.

ನಮ್ಮಜ್ಜಿಯ ಕಡೆಗೋಲು! ಇಡೀ ದಿನದಲ್ಲಿ ನನಗೆ ಹಿಡಿಯಲು ಗೊತ್ತಿರುವ ಒಂದೇ ಆಯುಧ. ಕೈ ಸುಮ್ಮನಿದ್ದೀತೆ? "ಎಲ್ಲ ಸರಿಯಿರಿ" ಎಂದು ಸೆರಗು ಸಿಕ್ಕಿಸಿಕೊಂಡು ಪಾತ್ರೆಗೆ ಇಳಿಸಿ ಕಡೆದೆ. ಬೆಣ್ಣೆ ಬರುವ ಹಾಗೆ ಕಡೆದೆ. ಕೆನಡಾದವರು ಮೆಚ್ಚಿ ಫೋಟೊ ತೆಗೆದರು. ಜರ್ಮನಿ ಹುಡುಗ ಹತ್ತಿರ ಬಂದು ಬಗ್ಗಿ ನೋಡಿದ. ನೋಡಿದವನು ಕೆಮ್ಮಿದ. ಆಮೇಲೆ ಕೆನಡಾದ ಹೆಂಗಸು ಕೆಮ್ಮಿದರು. ಆಮೇಲೆ ನನ್ನ ಮೂಗಿನೊಳಗೆ ಯಾರೋ ದೀಪಾವಳಿಯ ಸುರುಸುರು ಬತ್ತಿ ಹಚ್ಚಿದರು.

ಆಂಟಿ ಒಳಗೆ ಬಂದರು. ಪಾತ್ರೆ ನೋಡಿದರು. ನನ್ನನ್ನು ನೋಡಿದರು. "ಪೆಪ್ಪರ್ ಎಲ್ಲಿ?" ಎಂದರು.

ತೊಟ್ಟು ಮಾತ್ರ ಸಿಕ್ಕಿತು.

ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಮಲೆನಾಡಿನ ಮಾನದ ಪ್ರಶ್ನೆ. "ಏನೂ ಆಗಲ್ಲ, ನಾನು ತಿಂತೀನಿ" ಎಂದು ಅಂಗೈಗೆ ಹಾಕಿಕೊಂಡು, ಜೂಠಾ ಆಗದ ಹಾಗೆ, ಬಾಯಿಗೆ ಸುರಿದುಕೊಂಡೆ. ಮೊದಲ ಎರಡು ಸೆಕೆಂಡು ತೆಂಗಿನ ಹಾಲಿನ ಸಿಹಿ, ಸೊಪ್ಪಿನ ನುಣುಪು. ಆಹಾ ಎಂದುಕೊಂಡೆ. ಮೂರನೆಯ ಸೆಕೆಂಡಿನಲ್ಲಿ ನಾಲಿಗೆ ನನ್ನದಲ್ಲ. ಕಿವಿಯ ಒಳಗೂ ಖಾರ ಆಗುತ್ತದೆಂದು ಅವತ್ತು ಗೊತ್ತಾಯಿತು. ಎರಡು ಲೋಟ ನೀರು ಕುಡಿದೆ. ನೀರಿಗೆ ಖಾರ ಕರಗುವುದಿಲ್ಲ, ಬಾಯಿತುಂಬ ಹರಡುತ್ತದೆ ಅಷ್ಟೆ. ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಅದೇ ಸೆರಗಿಗೆ ಕೈ ಒರೆಸಿದ್ದೆ ಎಂಬುದು ಆಮೇಲೆ ನೆನಪಾಯಿತು. ಆಂಟಿ ಓಡಿ ಹೋಗಿ ಕಂಡೆನ್ಸ್ಡ್ ಮಿಲ್ಕಿನ ಡಬ್ಬಿ ತಂದು ಮಗುವಿಗೆ ತಿನ್ನಿಸುವಂತೆ ಚಮಚದಲ್ಲಿ ತಿನ್ನಿಸಿದರು. ಅರ್ಧ ಡಬ್ಬಿ ಮುಗಿದಾಗ ನನಗೆ ಕನ್ನಡ ವಾಪಸ್ ಬಂತು.

ಇದೇ ಹೊತ್ತಿಗೆ ಮಗಳು ಫೋನ್ ನೋಡಿ ಗಟ್ಟಿಯಾಗಿ ಓದುತ್ತಿದ್ದಳು. ಖಾರ ಅಳೆಯುವ ಸ್ಕೋವಿಲ್ ಲೆಕ್ಕದಲ್ಲಿ ಈ ಮೆಣಸು 1 ಲಕ್ಷದಿಂದ 3.5 ಲಕ್ಷದವರೆಗೆ ಇರುತ್ತದಂತೆ. ಇದೇ ದೇಶದ ಮೊರುಗಾ ಸ್ಕಾರ್ಪಿಯನ್ ಅನ್ನುವುದು ಸರಾಸರಿ 12 ಲಕ್ಷವಂತೆ, 2012ರಲ್ಲಿ ಅದನ್ನು ಜಗತ್ತಿನಲ್ಲೇ ಅತಿ ಖಾರ ಎಂದಿದ್ದರಂತೆ. "ಇದು ಇಲ್ಲಿ ಮೈಲ್ಡ್ ಅಮ್ಮ" ಎಂದಳು. ಹೆತ್ತದ್ದಕ್ಕೆ ಇದೇ ಫಲ.

ಆಂಟಿ ಕೋಪಿಸಿಕೊಳ್ಳಲಿಲ್ಲ. ಇನ್ನೆರಡು ತೆಂಗಿನಕಾಯಿಯ ಹಾಲು ಸುರಿದರು, ಇನ್ನಷ್ಟು ಕುಂಬಳ ಬೇಯಿಸಿ ಹಾಕಿದರು. ಆರು ಜನರ ಕ್ಯಾಲಾಲೂ ಇಪ್ಪತ್ತು ಜನಕ್ಕಾಯಿತು, ಖಾರ ಮಾತ್ರ ಇಪ್ಪತ್ತು ಜನಕ್ಕೂ ಸಾಲುವಷ್ಟು ಉಳಿದಿತ್ತು. ನಾವು ಇವರು ಬಡಿದ ರೊಟ್ಟಿ, ಬೇಳೆ ತಿಂದೆವು. ಪಕ್ಕದ ಮನೆಯ ಮುದುಕರೊಬ್ಬರು ಬಂದು ಒಂದು ಬಟ್ಟಲು ಕ್ಯಾಲಾಲೂ ತಿಂದು, "ಇವತ್ತು ಸರಿಯಾಗಿ ಬಂದಿದೆ, ಯಾರು ಮಾಡಿದ್ದು?" ಎಂದು ಕೇಳಿದರು. ಅವರ ಕಾಲಿಗೆ ಬೀಳಬೇಕು ಅನ್ನಿಸಿತು.

ಮರುದಿನ ಬೆಳಿಗ್ಗೆ ಮತ್ತೆ ಡಬಲ್ಸ್ ಗಾಡಿ. ನಾಲಿಗೆ ಇನ್ನೂ ದಪ್ಪಗಿತ್ತು. ನನ್ನ ಸರದಿ ಬಂತು.

"ಪೆಪ್ಪರ್?"

"ಬೇಡಪ್ಪ, ಬೇಡವೇ ಬೇಡ" ಎಂದೆ. ಕೈಸನ್ನೆ ನೋಡಿ ಅರ್ಥ ಮಾಡಿಕೊಂಡ. ಆಮೇಲೆ ಮುಖ ಗುರುತು ಹಿಡಿದು, "ನಿನ್ನೆ ಪ್ಲೆಂಟಿ ಕೇಳಿದ್ದು ನೀವೇ ಅಲ್ವಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಹೌದು."

ಅವನು ನಕ್ಕು ಬರಾದ ಮೇಲೆ ಕಡಲೆ ಸುರಿದ. "ಹೊರಗಿನವರು ಪ್ಲೆಂಟಿ ಅಂದರೆ ನಾನು ಸ್ಲೈಟ್ ಹಾಕುತ್ತೇನೆ."

ನಮ್ಮನೆಯವರಿಗೆ ಕೇಳಿಸಿತೋ ಏನೋ ಎಂದು ಮೆಲ್ಲಗೆ ತಿರುಗಿ ನೋಡಿದೆ. ಅವರು ಆಗಲೇ ಫೋನ್ ತೆಗೆದು ತೀರ್ಥಹಳ್ಳಿಯ ತಂಗಿಯ ನಂಬರ್ ಹುಡುಕುತ್ತಿದ್ದರು.