ಸಂಪು ತುಂಬಿತೇನೇ?

ರಾತ್ರಿ ಮೂರು ಗಂಟೆಗೆ ನೀರಿನ ಸದ್ದು ಕೇಳಿದರೆ ಬೆಂಗಳೂರಿನವರಿಗೆ ಕವಿತೆ ಹೊಳೆಯುವುದಿಲ್ಲ. ಕಾವೇರಿ ಬಂತು ಅಂತ ಅರ್ಥ. ಇಲ್ಲವೇ ಬಂದು, ಸಂಪು ತುಂಬಿ, ರಸ್ತೆಗೆ ಹರಿಯುತ್ತಿದೆ ಅಂತ. ಎರಡಕ್ಕೂ ಏಳಲೇಬೇಕು. ನಮ್ಮ ಮನೆಯಲ್ಲಿ ಈ ಖಾತೆ ಅತ್ತೆಯವರದು. ಹಗಲು ಹೊತ್ತು ಎರಡು ಸಲ ಕೂಗಿದರೂ ಕೇಳದ ಅವರಿಗೆ, ನಡುರಾತ್ರಿ ಗೇಟಿನ ಹತ್ತಿರ ಪೈಪು ಗೊರಗೊರ ಅಂದದ್ದು ಮಾತ್ರ ಸ್ಪಷ್ಟವಾಗಿ ಕೇಳುತ್ತದೆ.

ಇಂಥ ಕಿವಿಗಳನ್ನು ಕಟ್ಟಿಕೊಂಡು ನಾವು ಡೇರೆಯಲ್ಲಿ ಮಲಗಲು ಹೋದೆವು. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಅಂಚಿಗೆ, ಒಂದು ಸಣ್ಣ ತೊರೆಯ ದಂಡೆಗೆ. ಬನ್ನೇರುಘಟ್ಟ ಅಂದರೆ ನಮಗೆಲ್ಲ ಸ್ಕೂಲಿನ ಪ್ರವಾಸ, ಜಾಲರಿ ಹಾಕಿದ ಬಸ್ಸು, ಆಕಳಿಸುವ ಸಿಂಹ. ಅದರಾಚೆ ಆನೆಗಳು ಓಡಾಡುವ ನಿಜವಾದ ಕಾಡಿದೆ, 1974ರಿಂದ ರಾಷ್ಟ್ರೀಯ ಉದ್ಯಾನ ಅನ್ನಿಸಿಕೊಂಡಿದೆ ಎಂಬುದು ಊರಿನವರಿಗೇ ನೆನಪಿರುವುದಿಲ್ಲ. ಆ ಕಾಡಿನೊಳಗೆ ಮನಸ್ಸು ಬಂದಲ್ಲಿ ಡೇರೆ ಹೊಡೆಯುವ ಹಾಗಿಲ್ಲ. ನಮ್ಮದು ಅಂಚಿನ ಶಿಬಿರ.

ಒಂದು ರಾತ್ರಿಗೆ ಕಾರಿನ ಡಿಕ್ಕಿ ಮುಚ್ಚಲಿಲ್ಲ. ಪುಳಿಯೋಗರೆ, ಮೊಸರನ್ನ, ಕೋಡುಬಳೆ ಡಬ್ಬಿ, ಅತ್ತೆಯ ಮಡಿಸುವ ಕುರ್ಚಿ, ಜೊತೆಗೆ 20 ಲೀಟರಿನ ಎರಡು ಕ್ಯಾನು ನೀರು. ಹರಿಯುವ ತೊರೆಯ ಪಕ್ಕ ಕೂತು ಕ್ಯಾನಿನ ನೀರು ಕುಡಿದೆವು. ನಾಚಿಕೆಯೇನೂ ಆಗಲಿಲ್ಲ, ದಂಡೆಯಲ್ಲಿ ಆನೆ ಲದ್ದಿ ಬಿದ್ದಿತ್ತು.

ಮಗಳು ನೀರಿನ ಮುಂದೆ ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದಳು. ಆಮೇಲೆ ಕೇಳಿದಳು: "ಅಮ್ಮಾ, ಇದನ್ನ ದಿನಾ ಬಿಡ್ತಾರಾ, ದಿನ ಬಿಟ್ಟು ದಿನಾನಾ?"

ನಮ್ಮವರಿಗೆ ಭೂಗೋಳದ ಹುಚ್ಚು. ಈ ತೊರೆ ಸುವರ್ಣಮುಖಿಗೆ ಸೇರುತ್ತೆ, ಅದು ಅರ್ಕಾವತಿಗೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ ಎಂದು ಕಡ್ಡಿಯಿಂದ ಮರಳ ಮೇಲೆ ಗೀಚಿದರು. "ಹಾಗಾದರೆ ಇದೇ ನೀರು ನಮ್ಮ ಮನೆ ನಲ್ಲಿಗೂ ಬರುತ್ತೆ!" ಅಂದೆ. "ಎಲ್ಲಿಂದ ಬರುತ್ತೆ? ನಮಗೆ ನೀರೆತ್ತುವುದು ಸಂಗಮಕ್ಕಿಂತ ಎಷ್ಟೋ ಮೇಲೆ" ಎಂದು ಕಡ್ಡಿ ಬಿಸಾಕಿದರು. ಮನೆ ಪಕ್ಕದ ಮಳೆನೀರು ನಮ್ಮನ್ನು ಬಳಸಿಕೊಂಡು ಇಳಿದು ಹೋಗುತ್ತದೆ. ನಾವೋ ಸುಮಾರು 100 ಕಿ.ಮೀ. ಆಚೆಯ ನೀರನ್ನು 500 ಮೀಟರಿನಷ್ಟು ಎತ್ತರಕ್ಕೆ ಪಂಪು ಮಾಡಿಕೊಂಡು ಕಾಯುತ್ತೇವೆ. ಆ ಪಂಪುಗಳಿರುವ ಊರನ್ನು ಎಲ್ಲರೂ ಟಿ.ಕೆ. ಹಳ್ಳಿ ಅನ್ನುತ್ತೇವಲ್ಲ, ಅದರ ಪೂರ್ತಿ ಹೆಸರು ತೊರೆಕಾಡನಹಳ್ಳಿ. ತೊರೆಯೂ ಇದೆ, ಕಾಡೂ ಇದೆ. ಎರಡನ್ನೂ ನುಂಗಿ ಎರಡು ಇನಿಷಿಯಲ್ ಉಳಿಸಿಕೊಂಡಿದ್ದೇವೆ.

ರಾತ್ರಿ ದೀಪ ಆರಿಸಿದ ಮೇಲೆ ತೊರೆಯ ಸದ್ದು ದೊಡ್ಡದಾಯಿತು. ಆಹಾ ಎಂದುಕೊಂಡು ಕಣ್ಣು ಮುಚ್ಚಿದೆ. ಇನ್ನೇನು ನಿದ್ದೆ ಹತ್ತಬೇಕು, ಅತ್ತೆ ಧಡಕ್ಕನೆ ಎದ್ದು ಕೂತರು.

"ಏನೇ, ಸಂಪು ತುಂಬಿ ಚೆಲ್ತಾ ಇದೆಯಲ್ಲೇ! ವಾಲ್ವ್ ತಿರುಗಿಸು ಹೋಗು!"

"ಅತ್ತೆ, ಅದು ತೊರೆ. ಮಲಗಿ."

ಹತ್ತು ನಿಮಿಷಕ್ಕೆ ನಮ್ಮವರು ನಿದ್ದೆಗಣ್ಣಲ್ಲೇ ಚಪ್ಪಲಿ ಹುಡುಕುತ್ತಿದ್ದರು. ಬೇರೆಯವರ ಮಾತೇಕೆ, ಬೆಳಗಿನ ಜಾವ ಡೇರೆಯ ಜಿಪ್ಪು ಅರ್ಧ ಎಳೆದು ಹೊರಗೆ ತಲೆ ಹಾಕಿದವಳು ನಾನೇ. ಕತ್ತಲಾದ ಮೇಲೆ ಆನೆ ನೀರಿಗೆ ಬರುತ್ತವೆ, ಹೊರಗೆ ಕಾಲಿಡಬೇಡಿ ಎಂದು ಶಿಬಿರದವರು ಎರಡೆರಡು ಸಲ ಹೇಳಿದ್ದರು. ಆನೆಯ ಭಯ ಸಂಪಿನ ಭಯದ ಮುಂದೆ ನಿಲ್ಲಲಿಲ್ಲ. ಆ ಸದ್ದಿಗೆ ಒಂದಿಷ್ಟೂ ಎಚ್ಚರವಾಗದೆ ಮಲಗಿದ್ದವಳು ಮಗಳೊಬ್ಬಳೇ.

ಮನೆಗೆ ಬಂದ ಮರುರಾತ್ರಿ ಮತ್ತೆ ಅದೇ ಸದ್ದು. ನಾನು ಏಳುವಷ್ಟರಲ್ಲಿ ಅತ್ತೆ ಹೊದಿಕೆಯೊಳಗಿಂದಲೇ, "ತೊರೆ ಕಣೇ ಅದು, ಮಲಗು" ಅಂದರು. ಮಲಗಿದೆ. ಎಂಥ ಸುಖ ನಿದ್ದೆ! ಬೆಳಗ್ಗೆ ಆರಕ್ಕೆ ಎದುರುಮನೆಯವರು ಗೇಟು ಬಡಿದರು. ನಮ್ಮ ಸಂಪಿನ ನೀರು ಹಾಲಿನ ಬೂತಿನವರೆಗೂ ಹರಿದಿತ್ತು.